ಕೇಳದೆ ಕೊಟ್ಟ ರಿಯಾಯಿತಿ

ಹೊಸದು ಎಂದು ಹೇಳಿ ಹೊಸದಲ್ಲದ ಕಾರನ್ನು ಮಾರಿದರು. ಹಣವನ್ನೆಲ್ಲ ಮುಂಚೆಯೇ ಕಟ್ಟಿಸಿಕೊಂಡು ಮಾರಿದರು. ಹನ್ನೊಂದನೆಯ ದಿನ ಇಳಿಜಾರಿನಲ್ಲಿ ಅದರ ಬ್ರೇಕು ಹಿಡಿಯಲಿಲ್ಲ. ಪಕ್ಕದ ಸೀಟಿನಲ್ಲಿ ಕೂತಿದ್ದ ಅಪ್ಪ ಸತ್ತರು. ಓಡಿಸುತ್ತಿದ್ದ ಮಗಳ ಮೇಲೆ ಕೇಸು ಬಿತ್ತು.

ಸತ್ತವರ ತಮ್ಮ, ವೈರ್‌ಮನ್, ಈಗ ಅದೇ ಶೋರೂಮಿನ ಮೆತ್ತನೆಯ ಕುರ್ಚಿಯಲ್ಲಿ ಕೂತು, ಅದೇ ಮಾದರಿಯ ಕಾರಿಗೆ ಚೌಕಾಸಿ ಮಾಡುತ್ತಿದ್ದ.

“ಇನ್ನೊಂದು ಐದು ಸಾವಿರ ಬಿಡಿ ಸಾರ್,” ಎಂದ. ಹೇಳಿಕೊಟ್ಟ ಮಾತು. ಗಂಟಲಿನಿಂದ ಹೊರಡುವಾಗ ಮೀನಿನ ಮುಳ್ಳಿನಂತೆ ಗೀರಿತು.

ಪಕ್ಕದಲ್ಲಿ ಅವನ ಅಕ್ಕನೆಂದು ಹೇಳಿಕೊಂಡು ಕೂತಿದ್ದವಳು ಸೂಜಿ. ಇಪ್ಪತ್ತೆರಡು ವರ್ಷ ಒಂದು ವಿಮೆ ಕಂಪನಿಗಾಗಿ ಜಜ್ಜಿಹೋದ ಗಾಡಿಗಳನ್ನು ತಪಾಸಣೆ ಮಾಡಿದವಳು. ಮೇಲಿನವರಿಗೆ ಬೇಕಾದ ಹಾಗೆ ವರದಿ ಬರೆಯದೆ ಒಂದು ದಿನ ಕೆಲಸ ಕಳೆದುಕೊಂಡಳು. ಈಗ ದುಡ್ಡಿಲ್ಲದವರ ಪತ್ತೇದಾರಿಣಿ. ಊದಿಕೊಂಡದ್ದನ್ನು ಎಲ್ಲಿ ಚುಚ್ಚಿದರೆ ಗಾಳಿ ಹೋಗುತ್ತದೆಂದು ಬಲ್ಲವಳು ಎಂದು ಜನ ಇಟ್ಟ ಹೆಸರು ಅದು.

“ನನ್ನ ಕೈಲೇನಿದೆ ಸಾರ್? ಮ್ಯಾನೇಜರನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ,” ಎಂದು ಮಾರಾಟದವನು ಎದ್ದ. ನಲವತ್ತರ ಆಸುಪಾಸಿನ ಮನುಷ್ಯ. ಕುತ್ತಿಗೆಗೆ ಬಿಗಿದ ನೀಲಿ ಟೈ ನೋಡಿ, ಬಾಗಿಲಲ್ಲೇ ಸೂಜಿ ಅವನಿಗೆ ‘ಟೈ’ ಎಂದು ಹೆಸರಿಟ್ಟಿದ್ದಳು.

ಟೈ ಗಾಜಿನ ಕೋಣೆಗೆ ಹೋದ. ಒಳಗೆ ಮ್ಯಾನೇಜರ್ ಮೊಬೈಲು ನೋಡುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಟೈ ಮೂಲೆಯಲ್ಲಿ ನಿಂತು ಒಂದು ಲೋಟ ನೀರು ಕುಡಿದ. ಗೋಡೆಯ ಗಡಿಯಾರ ನೋಡಿದ. ಇನ್ನರ್ಧ ಲೋಟ ಕುಡಿದ.

“ತುಟಿ ಅಲ್ಲಾಡಿತಾ?” ಸೂಜಿ ಕೇಳಿದಳು.

“ಇಲ್ಲ ಅಕ್ಕ. ಇಬ್ಬರದ್ದೂ ಇಲ್ಲ.”

“ಐದು ನಿಮಿಷ ಒಳಗಿದ್ದು ಬರ್ಬೇಕು ಅನ್ನೋದು ಇಲ್ಲಿಯ ಪದ್ಧತಿ. ಎಷ್ಟು ಬಿಡ್ಬಹುದು ಅಂತ ಬೆಳಗ್ಗೇನೇ ತೀರ್ಮಾನ ಆಗಿರುತ್ತೆ. ಹೋಗಿ ಬರೋದು ನಮಗೋಸ್ಕರ, ಗೆದ್ವಿ ಅಂತ ಅನ್ನಿಸ್ಲಿ ಅಂತ.”

ಟೈ ಬಂದ. ಹೊರೆ ಹೊತ್ತು ಬೆಟ್ಟ ಹತ್ತಿ ಬಂದವನ ಮುಖ. “ಕಾಲು ಹಿಡ್ಕೊಂಡೆ ಮೇಡಂ. ಮೂರು ಸಾವಿರ ಬಿಡ್ತಾರಂತೆ. ಕಾಲೊರಸು ಉಚಿತ.”

“ಕಾಲು ಹಿಡ್ಕೊಂಡಿದ್ದಕ್ಕೆ ಕಾಲೊರಸು ಕೊಟ್ರಾ? ಹಾಗಾದ್ರೆ ಈ ಸಲ ಕೊರಳು ಹಿಡ್ಕೊಳ್ಳಿ, ಸೀಟ್ ಬೆಲ್ಟ್ ಸಿಗ್ಬಹುದು.”

ಟೈ ನಕ್ಕ. ವೈರ್‌ಮನ್‌ಗೆ ನಗು ಬರಲಿಲ್ಲ. ಅಣ್ಣ ಸೀಟ್ ಬೆಲ್ಟ್ ಹಾಕಿಕೊಂಡೇ ಇದ್ದ.

ಮೂರು ಸಲ ಗಾಜಿನ ಕೋಣೆಗೆ ಹೋಗಿ ಬಂದ ಮೇಲೆ ರಿಯಾಯಿತಿ ಎಂಟು ಸಾವಿರಕ್ಕೆ ನಿಂತಿತು. ಅದರ ಮೇಲೆ ಒಂದು ಬಿಡಿಗಾಸೂ ಇಲ್ಲ ಎಂದು ಟೈ ತನ್ನ ಹೆಂಡತಿ ಮಕ್ಕಳ ಮೇಲೆ ಆಣೆಯಿಟ್ಟ.

ಎಂಟು ಸಾವಿರ. ಎರಡೂವರೆ ತಿಂಗಳ ಹಿಂದೆ ಅಣ್ಣ ಫೋನು ಮಾಡಿ ಹೇಳಿದ್ದು ವೈರ್‌ಮನ್‌ನ ಕಿವಿಯಲ್ಲೇ ಇತ್ತು: “ಏ, ನಲವತ್ತೈದು ಸಾವಿರ ಬಿಟ್ರು ಕಣೋ! ನಾನು ಬಾಯಿ ಬಿಟ್ಟು ಕೇಳಲೇ ಇಲ್ಲ. ಒಳ್ಳೆ ಜನ.”

ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡಿದ ಅಣ್ಣ. ಸೊಪ್ಪಿನವಳ ಹತ್ತಿರ ಒಂದು ಕಡ್ಡಿ ಹೆಚ್ಚು ಕೇಳಲು ನಾಚುತ್ತಿದ್ದ ಅಣ್ಣ. ಅಂಥವನಿಗೆ ಕೇಳದೆ ಕೊಟ್ಟರು. ಈ ಲೋಕದಲ್ಲಿ ಬಡವನಿಗೆ ಕೇಳದೆ ಸಿಗುವುದು ಏನು? ಬೈಗುಳ, ಕಾಯಿಲೆ. ಅದು ಗೊತ್ತಿದ್ದೂ ಅಣ್ಣ ನಂಬಿದ. ಫೋನಿನ ಈ ಕಡೆಯಿಂದ ತಮ್ಮನೂ “ಅದೃಷ್ಟ ಕಣಣ್ಣ” ಅಂದಿದ್ದ.

ಆ ಅದೃಷ್ಟದ ತುಣುಕೂ ಈಗ ಉಳಿದಿರಲಿಲ್ಲ. ಜಜ್ಜಿದ ಗಾಡಿಯನ್ನು ಶೋರೂಮಿನವರೇ ‘ಮಾನವೀಯತೆ’ಯಿಂದ ಎತ್ತಿಸಿಕೊಂಡು ಹೋಗಿ ಗುಜರಿಗೆ ಹಾಕಿ ಮುಗಿಸಿದ್ದರು. ನಾಳೆ ಬೆಳಗ್ಗೆ ಹತ್ತೂವರೆಗೆ ನ್ಯಾಯಾಲಯ. ಕಾರು ಮೊದಲೇ ಕೆಟ್ಟಿತ್ತೆಂದು ತೋರಿಸುವ ಒಂದು ಚೂರು ಪುರಾವೆ ಅಷ್ಟರೊಳಗೆ ಸಿಗದಿದ್ದರೆ ಅಣ್ಣನ ಮಗಳು ತಪ್ಪೊಪ್ಪಿಕೊಳ್ಳುವವಳಿದ್ದಳು. “ಒಪ್ಕೊಂಡ್ಬಿಡ್ತೀನಿ ಚಿಕ್ಕಪ್ಪ,” ಎಂದಿದ್ದಳು ನಿನ್ನೆ, ಗೋಡೆ ನೋಡಿಕೊಂಡು. “ಬ್ರೇಕ್ ತುಳಿದೆ ಅಂತ ನನಗೇ ಈಗ ಗ್ಯಾರಂಟಿ ಇಲ್ಲ.”

ಸೂಜಿ ಮೇಜಿನ ಮೇಲೆ ಮುಂದಕ್ಕೆ ಬಾಗಿದಳು. ಅವಳ ಮೊಬೈಲು ಕ್ಯಾಲ್ಕುಲೇಟರಿನ ಪಕ್ಕ ಬೋರಲಾಗಿ ಬಿದ್ದಿತ್ತು, ಮಾತನ್ನೆಲ್ಲ ದಾಖಲಿಸಿಕೊಳ್ಳುತ್ತ.

“ನಮ್ಮ ಪರಿಚಯದವರೊಬ್ಬರಿಗೆ ನಲವತ್ತೈದು ಬಿಟ್ರಂತಲ್ಲ ನೀವು? ಇದೇ ಗಾಡಿ, ಇದೇ ಬೆಳ್ಳಿ ಬಣ್ಣ.”

ಟೈಯ ಪೆನ್ನು ನಿಂತಿತು. “ಅದು... ಆ ಗಾಡಿ ಬೇರೆ ಮೇಡಂ.”

“ಬೇರೆ ಅಂದ್ರೆ?”

“ಅಂದ್ರೆ, ಸ್ವಲ್ಪ ದಿನ ಯಾರ್ಡಲ್ಲಿ ನಿಂತಿದ್ದು. ಹಳೇ ಸ್ಟಾಕು.”

“ನಿಂತಿದ್ದಾ, ಓಡಿದ್ದಾ?”

ಟೈಯ ಕಣ್ಣು ಬೋರಲು ಬಿದ್ದ ಮೊಬೈಲಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಮೇಲೆ ಬಂತು. “ಮೊದಲು ಬುಕ್ ಮಾಡಿ ಸಾರ್. ಮುಂಗಡ ಕಟ್ಟಿದವರಿಗೆ ಒಳಗಿನ ಡೆಲಿವರಿ ಹಾಲ್ ತೋರಿಸ್ತೀವಿ. ಗಾಡಿ ಕೊಡೋದು ಅಲ್ಲೇ, ಫೋಟೋ ತೆಗೆಯೋದೂ ಅಲ್ಲೇ. ನೋಡಿದ್ರೆ ನಿಮಗೂ ಸಂತೋಷ ಆಗುತ್ತೆ.”

ಸೂಜಿ ಬಂದದ್ದೇ ಆ ಹಾಲ್ ನೋಡಲು. ಅವಳು ವೈರ್‌ಮನ್ ಕಡೆ ನೋಡಿದಳು.

ಅವನ ಜೇಬಿನಲ್ಲಿ ಹತ್ತು ಸಾವಿರ ಇತ್ತು. ಅತ್ತಿಗೆ ಹೊಲಿಗೆ ಹೊಲಿದು ವಕೀಲರಿಗೆಂದು ಕೂಡಿಟ್ಟದ್ದು. ನೋಟುಗಳಿಗೆ ಇನ್ನೂ ಮಿಷಿನ್ ಎಣ್ಣೆಯ ವಾಸನೆಯಿತ್ತು. ಹಣ ಕಟ್ಟುವ ಕಿಂಡಿಯ ಹಿಂದಿನ ಹೆಂಗಸು ಅವನ್ನು ಎಣಿಸುವ ಯಂತ್ರಕ್ಕೆ ಹಾಕಿದಳು. ಪರ್ ಎಂದು ಒಂದೇ ಉಸಿರಿಗೆ ಮುಗಿಯಿತು. ಅತ್ತಿಗೆಗೆ ನಾಲ್ಕು ತಿಂಗಳು ಹಿಡಿದಿತ್ತು.

“ಬುಕಿಂಗ್ ರದ್ದು ಮಾಡಿದ್ರೆ ಹಣ ವಾಪಸ್ ಬರಲ್ಲ, ಗೊತ್ತಲ್ಲ?” ಎಂದಳು ಕಿಂಡಿಯವಳು ರಸೀದಿ ಚಾಚುತ್ತ.

“ಇಲ್ಲಿ ಕೊಟ್ಟಿದ್ದು ಯಾವ್ದೂ ವಾಪಸ್ ಬರಲ್ಲ. ಗೊತ್ತಮ್ಮ,” ಎಂದ ವೈರ್‌ಮನ್.

*

ಡೆಲಿವರಿ ಹಾಲಿಗೆ ಕಾಲಿಟ್ಟ ಕೂಡಲೇ ಅವನ ಕಣ್ಣು ಸೂರಿಗೆ ಹೋಯಿತು. ಕಸುಬಿನ ಚಾಳಿ. ಅರುವತ್ತು ದೀಪ, ಎಲ್ಲವೂ ಬಿಳಿ, ಎಲ್ಲವೂ ಓರೆಯಾಗಿ ಕೂರಿಸಿದ್ದು. ನೆರಳು ಬೀಳದ ಹಾಗೆ, ಗೀರು ಕಾಣದ ಹಾಗೆ ಹಾಕಿದ ಬೆಳಕು. ಈ ಬೆಳಕಿನಲ್ಲಿ ಮಲಗಿಸಿದರೆ ಹೆಣವೂ ಹೊಳೆಯುತ್ತದೆ ಎಂದುಕೊಂಡ.

ನಡುವೆ ಒಂದು ಹೊಸ ಕಾರು ನಿಂತಿತ್ತು. ಐವತ್ತು ದಾಟಿದ ಹೆಂಗಸೊಬ್ಬಳು ರಬ್ಬರ್ ಬೂಟು ಹಾಕಿಕೊಂಡು, ಮೊಣಕಾಲೂರಿ, ಅದರ ಚಕ್ರದ ಬಟ್ಟಲನ್ನು ಒರೆಸುತ್ತಿದ್ದಳು. ಹಾಲಿನಲ್ಲಿ ಹನ್ನೆರಡು ಕುರ್ಚಿಗಳಿದ್ದವು. ಒಂದೂ ಅವಳದ್ದಲ್ಲ.

ಕಾರಿನ ಮುಂದಿನ ಗಾಜಿನ ಮೂಲೆಯಲ್ಲಿ ಅಂಗೈಯಗಲದ ಹಳದಿ ಚೀಟಿ.

“ಇದೇನು?” ಸೂಜಿ ಕೇಳಿದಳು.

“ಚಾಸಿ ನಂಬರಿನ ಕೊನೇ ಐದು ಅಂಕಿ ಮೇಡಂ. ಯಾರ್ಡಲ್ಲಿ ನೂರು ಗಾಡಿ ಅವಳಿ ಜವಳಿ ಥರ ನಿಂತಿರ್ತವೆ. ಯಾವ್ದು ಯಾರದ್ದು ಅಂತ ತಿಳಿಯೋಕೆ ಅಂಟಿಸ್ತೀವಿ. ಫೋಟೋಗೆ ಮುಂಚೆ ಇವಳು ಕಿತ್ತಾಕ್ತಾಳೆ.” ಟೈ ಬೂಟಿನ ತುದಿಯಿಂದ ಆ ಹೆಂಗಸಿನ ಕಡೆ ತೋರಿಸಿದ. “ಒಂದೊಂದ್ಸಲ ಮರೀತಾಳೆ. ವಯಸ್ಸಾಯ್ತು.”

ಹೆಂಗಸು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಯಾರೋ ಕರೆದರೆಂದು ಟೈ ಬಾಗಿಲಾಚೆ ಹೋದ.

“ಗೋಡೆಯ ಫೋಟೋ ನೋಡು,” ಎಂದಳು ಸೂಜಿ ಮೆಲ್ಲಗೆ. “ಬೆಳ್ಳಿ ಬಣ್ಣದ ಗಾಡಿ ಮಾತ್ರ. ನಿಮ್ಮಣ್ಣನಿಗಿಂತ ಹಿಂದಿನ ತಾರೀಖಿನವು. ಚೀಟಿ ಉಳಿದಿದ್ರೆ ನಂಬರ್ ಓದು. ನೀನು ಆ ಕಡೆಯಿಂದ, ನಾನು ಈ ಕಡೆಯಿಂದ. ಏನು ಕಂಡ್ರೂ ಬಾಯಿ ಬಿಡ್ಬೇಡ. ಕೆಮ್ಮು, ಸಾಕು. ನಾನು ಹೋಗಿ, ರೆಕಾರ್ಡಿಗೆ ಅಂತ ಮೇಜಿನ ಮೇಲೆ ಬಿಟ್ಟುಬಂದ ಮೊಬೈಲ್ ತಂದು ಫೋಟೋ ತಗೊಳ್ತೀನಿ.”

ವೈರ್‌ಮನ್‌ನ ಮೊಬೈಲಿಗೆ ಕಣ್ಣಿರಲಿಲ್ಲ. ಹೋದ ವಾರ ಏಣಿಯಿಂದ ಬಿದ್ದು ಕ್ಯಾಮೆರಾ ಒಡೆದಿತ್ತು.

ಗೋಡೆಯ ತುಂಬ ಚೌಕಟ್ಟು ಹಾಕಿದ ಫೋಟೋಗಳು. ಎಲ್ಲದರಲ್ಲೂ ಒಂದೊಂದು ಸಂಸಾರ, ಒಂದೊಂದು ಕಾರು, ಎರಡಡಿ ಉದ್ದದ ಒಂದು ರಟ್ಟಿನ ಬೀಗದ ಕೈ. ಸಂಸಾರ ಬೇರೆ, ಕಾರು ಬೇರೆ, ರಟ್ಟಿನ ಕೀಲಿ ಮಾತ್ರ ಒಂದೇ. ಮೂಲೆಯಲ್ಲಿ ತಾರೀಖು.

ನಾಲ್ಕನೆಯ ಸಾಲಿನಲ್ಲಿ ಅಣ್ಣ ಇದ್ದ.

ಇಸ್ತ್ರಿ ಮಾಡಿದ ಅಂಗಿ. ಒಂದು ಕೈಯಲ್ಲಿ ರಟ್ಟಿನ ಕೀಲಿ, ಇನ್ನೊಂದು ಕೈ ಮಗಳ ಹೆಗಲ ಮೇಲೆ. ಲೇತಿಗೆ ಕೊಟ್ಟು ಮೊಂಡಾದ ಹೆಬ್ಬೆರಳನ್ನು ಕೀಲಿಯ ಹಿಂದೆ ಅಡಗಿಸಿಕೊಂಡಿದ್ದ. ಅತ್ತಿಗೆ ಕಣ್ಣು ಮುಚ್ಚಿದ್ದಳು. ಫೋಟೋ ಎಂದರೆ ಅವಳು ಯಾವಾಗಲೂ ಹಾಗೆಯೇ. ಅಣ್ಣ ನಗುತ್ತಿದ್ದ. ಹನ್ನೊಂದು ದಿನ ಉಳಿದಿರುವ ಮನುಷ್ಯ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಅವನನ್ನು ಕೊಂದವರು ಅವನ ನಗುವನ್ನು ಜಾಹೀರಾತಿಗೆಂದು ಗೋಡೆಗೆ ಹೊಡೆದಿದ್ದರು. ಸತ್ತ ಸುದ್ದಿ ಬಂದ ಮೇಲೂ ಇಳಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ವೈರ್‌ಮನ್ ಗೋಡೆ ಹಿಡಿದುಕೊಂಡ. ಆ ಕೈಯ ಪಕ್ಕದಲ್ಲೇ, ಮೇಲಿನ ಸಾಲಿನಲ್ಲಿ, ಇನ್ನೊಂದು ಬೆಳ್ಳಿ ಬಣ್ಣದ ಕಾರು ಕಂಡಿತು.

ಎಳೆಯ ಗಂಡ ಹೆಂಡತಿ. ಅವಳ ಕಂಕುಳಲ್ಲಿ ಕೂಸು. ಅಣ್ಣನ ಫೋಟೋಗಿಂತ ಐದು ವಾರ ಹಿಂದಿನ ತಾರೀಖು. ಗಾಜಿನ ಮೂಲೆಯಲ್ಲಿ ಕೀಳಲು ಮರೆತ ಹಳದಿ ಚೀಟಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಐದು ಅಂಕಿ.

ನಾಲ್ಕು, ಸೊನ್ನೆ, ಏಳು, ಒಂದು, ಎಂಟು.

ಆ ನಂಬರನ್ನು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಪೊಲೀಸರ ಕಾಗದದಲ್ಲಿ, ಮಗಳ ಹೆಸರಿನ ಕೆಳಗೆ, ‘ಅಪಘಾತಕ್ಕೀಡಾದ ವಾಹನ’ ಎಂಬಲ್ಲಿ ಅದನ್ನು ನೂರು ಸಲ ಓದಿದ್ದ.

ಕೆಮ್ಮಬೇಕಿತ್ತು. ಸಾಕಿತ್ತು.

“ನಾಲ್ಕು ಸೊನ್ನೆ ಏಳು ಒಂದು ಎಂಟು!” ಎಂದು ಕಿರುಚಿದ. ಧ್ವನಿ ಹಾಲಿನ ನಾಲ್ಕೂ ಗೋಡೆಗೆ ಬಡಿಯಿತು. “ಇದೇ ಗಾಡಿ! ಇವರಿಗೆ ಮಾರಿದ ಗಾಡೀನ ನಮ್ಮಣ್ಣಂಗೆ ಹೊಸದು ಅಂತ ಮಾರಿದಾರೆ! ಕಳ್ಳ ನನ್ಮಕ್ಕಳು!”

ಸೂಜಿ ಕಣ್ಣು ಮುಚ್ಚಿಕೊಂಡಳು. ಅವಳನ್ನು ಹಾಗೆ ಅವನು ಎಂದೂ ನೋಡಿರಲಿಲ್ಲ.

*

ಮ್ಯಾನೇಜರ್ ಓಡಿ ಬರಲಿಲ್ಲ, ನಡೆದು ಬಂದ. ಚೊಕ್ಕ ಮನುಷ್ಯ, ಚೊಕ್ಕ ಉಗುರು. ಹಿಂದೆ ಟೈ.

“ನೀವು ಅವರ ತಮ್ಮ ಅಲ್ವಾ?” ಎಂದ. “ಮುಖ ಹೋಲುತ್ತೆ. ನಿಮ್ಮ ನೋವು ನನಗೆ ಅರ್ಥ ಆಗುತ್ತೆ.” ಹೇಳುತ್ತಲೇ ಕೈ ಎತ್ತಿ ಎಳೆಯ ದಂಪತಿಯ ಫೋಟೋ ಇಳಿಸಿ ಟೈ ಕೈಗೆ ಕೊಟ್ಟ. “ಗಿರಾಕಿಗಳ ಖಾಸಗಿ ವಿಷಯ. ಹೀಗೆ ನೇತುಹಾಕಿದ್ದೇ ನಮ್ಮ ತಪ್ಪು. ಒಳಗೆ ತಗೊಂಡು ಹೋಗಿ.”

ವೈರ್‌ಮನ್ ಮುನ್ನುಗ್ಗಿದ. ಕಾವಲಿನವರಿಬ್ಬರು ಅವನ ರಟ್ಟೆ ಹಿಡಿದರು. ಗಾಜಿನ ಕೋಣೆಯ ಕಡೆಯಿಂದ ಕಾಗದ ಚೂರು ಮಾಡುವ ಯಂತ್ರದ ಸದ್ದು ಬಂತು. ಹಣ ಎಣಿಸುವ ಯಂತ್ರದಷ್ಟೇ ಚುಟುಕು ಸದ್ದು.

ಟೈ ಮರಳಿ ಬಂದು ಸೂಜಿಯ ಮೊಬೈಲನ್ನು ಎರಡೂ ಕೈಯಿಂದ ಚಾಚಿದ. “ಮೇಜಿನ ಮೇಲೆ ಮರೆತಿದ್ರಿ ಮೇಡಂ. ಏನೋ ರೆಕಾರ್ಡ್ ಆಗ್ತಿತ್ತು. ಚಾರ್ಜ್ ದಂಡ ಅಂತ ನಿಲ್ಲಿಸಿ, ಅಳಿಸಿಬಿಟ್ಟೆ.”

“ಬಹಳ ಉಪಕಾರ ಆಯ್ತು,” ಎಂದಳು ಸೂಜಿ. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ಮ್ಯಾನೇಜರ್ ಕಡೆ ತಿರುಗಿದಳು. “ಆ ಮಗು ಎತ್ತಿಕೊಂಡವರು ಗಾಡಿ ವಾಪಸ್ ಮಾಡಿದ್ದು ಯಾಕೆ?”

“ಯಾರು ವಾಪಸ್ ಮಾಡಿದ್ರು? ಸರ್ಕಾರಿ ದಾಖಲೆ ತೆಗೆದು ನೋಡಿ. ಆ ನಂಬರಿನ ಗಾಡಿಗೆ ಒಬ್ಬನೇ ಮಾಲೀಕ. ಇವರ ಅಣ್ಣ.”

“ನೋಂದಣಿ ಆಗೋ ಮುಂಚೆ, ತಾತ್ಕಾಲಿಕ ನಂಬರಲ್ಲೇ ಹೋಗಿ, ತಾತ್ಕಾಲಿಕ ನಂಬರಲ್ಲೇ ವಾಪಸ್ ಬಂದಿರುತ್ತೆ. ಕಾಗದದ ಮೇಲೆ ಆ ಗಾಡಿ ಅಲ್ಲೀವರೆಗೆ ಹುಟ್ಟೇ ಇಲ್ಲ. ಬ್ರೇಕ್ ಕೆಟ್ಟಿದ್ದು ನಿಮಗೆ ಗೊತ್ತಿತ್ತು. ಅದಕ್ಕೇ ನಲವತ್ತೈದು ಸಾವಿರ. ಬೇಗ ಕೈತೊಳ್ಕೋಬೇಕಿತ್ತು.”

“ಕಥೆ ಚೆನ್ನಾಗಿದೆ.” ಮ್ಯಾನೇಜರ್ ಟೈಯ ಅಂಗಿಯ ಮೇಲಿದ್ದ ನೂಲೊಂದನ್ನು ಕಿತ್ತ. “ಚೀಟಿ ನೋಡಿದ್ವಿ ಅಂತೀರಿ. ಎಲ್ಲಿ ಚೀಟಿ? ಇದ್ದರೂ ಏನು? ತೊಳೆಯೋ ಹೆಂಗಸು ಒಂದರ ಚೀಟಿ ಇನ್ನೊಂದಕ್ಕೆ ಅಂಟಿಸಿರ್ತಾಳೆ. ಓದು ಬರಹ ಇಲ್ದವರು. ಬೇಕಾದ್ರೆ ಅವಳ ಬಾಯಿಂದಾನೇ ಕೇಳಿ.” ಅವನು ಚಿಟಿಕೆ ಹೊಡೆದ. “ಏ, ಬಾ ಇಲ್ಲಿ.”

ಹೆಂಗಸು ಮೊಣಕಾಲು ಹಿಡಿದುಕೊಂಡು ಎದ್ದಳು. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಕೈ ಒರೆಸಿಕೊಂಡು ಬಂದಳು. ಎರಡೂ ಅಂಗೈ ಸೋಪಿನ ನೀರಿಗೆ ನೆಂದು ಸುಕ್ಕಾಗಿ ಬೆಳ್ಳಗಿದ್ದವು.

“ಎಷ್ಟು ವರ್ಷ ಆಯ್ತು ನೀನು ಇಲ್ಲಿ?”

“ಹದಿನಾಲ್ಕು ಸಾರ್.”

“ಚೀಟಿ ತಪ್ಪಾಗಿ ಅಂಟಿಸಿದ್ದುಂಟಲ್ವಾ? ಹೇಳು ಇವರಿಗೆ. ಬೆಳ್ಳಿ ಗಾಡಿಗೆ ಬೇರೆ ಗಾಡಿ ಚೀಟಿ ಹಾಕಿದ್ದು ನಾನೇ ಅಂತ ಹೇಳು. ನಮ್ಮವರು ಬರ್ಕೊಡ್ತಾರೆ, ನೀನು ಹೆಬ್ಬೆಟ್ಟು ಒತ್ತು. ನಿನಗೇನೂ ತೊಂದರೆ ಆಗಲ್ಲ.”

ಟೈ ಆಗಲೇ ಕಾಗದ ತೆಗೆದಿದ್ದ. ವೈರ್‌ಮನ್ ಆ ಕಾಗದವನ್ನೇ ನೋಡಿದ. ಅವಳು ಒತ್ತಿಬಿಡುತ್ತಾಳೆ, ಒತ್ತದೆ ಏನು ಮಾಡುತ್ತಾಳೆ? ಅವಳ ಜಾಗದಲ್ಲಿ ತಾನಿದ್ದರೂ ಒತ್ತುತ್ತಿದ್ದೆ. ಹೊಟ್ಟೆ ಹಿಡಿದು ಬಗ್ಗಿಸಿದರೆ ಯಾರ ಬೆನ್ನು ಬಾಗುವುದಿಲ್ಲ? ಅಲ್ಲಿಗೆ ಮುಗಿಯಿತು. ಫೋಟೋ ಹೋಯಿತು, ಅದೂ ತನ್ನ ಬಾಯಿಂದಲೇ ಹೋಯಿತು. ವಕೀಲರ ದುಡ್ಡು ಕಿಂಡಿಯೊಳಗೆ ಹೋಯಿತು. ನಾಳೆ ಹತ್ತೂವರೆಗೆ ಮಗಳು ಗೋಡೆ ನೋಡಿಕೊಂಡೇ ‘ಹೌದು’ ಅನ್ನುತ್ತಾಳೆ. ಅಪ್ಪನನ್ನು ಕೊಂದವಳು ಎಂದು ಊರು ಅವಳನ್ನು ಬದುಕಿರುವ ತನಕ ಕರೆಯುತ್ತದೆ.

ಹೆಂಗಸು ಕಾಗದ ನೋಡಲಿಲ್ಲ. ನಾಲ್ಕನೆಯ ಸಾಲಿನ ಅಣ್ಣನ ಫೋಟೋ ನೋಡುತ್ತಿದ್ದಳು.

“ಇವರು ನಿಮ್ಮಣ್ಣನಾ?” ಎಂದು ವೈರ್‌ಮನ್‌ನನ್ನು ಕೇಳಿದಳು.

“ಹೌದಮ್ಮ.”

“ಗಾಡಿ ತಗೊಂಡು ಹೋಗುವಾಗ ನನ್ನ ಹತ್ರ ಬಂದು, ‘ಚೆನ್ನಾಗಿ ತೊಳೆದಿದೀಯಮ್ಮ’ ಅಂದ್ರು. ಹದಿನಾಲ್ಕು ವರ್ಷದಲ್ಲಿ ಯಾರೂ ಹಾಗಂದಿಲ್ಲ. ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ.”

“ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು,” ಎಂದ ಮ್ಯಾನೇಜರ್.

“ಚೀಟಿ ತಪ್ಪಾಗಿ ಅಂಟಿಸಿಲ್ಲ ಸಾರ್. ಅಂಟಿಸೋದು ಯಾರ್ಡಿನವರು, ನಾನು ಕೀಳೋಳು. ಆ ದಿನ ಕೀಳೋದು ಮರ್ತೆ, ಅಷ್ಟೇ. ಅಕ್ಷರ ಬರಲ್ಲ, ಅಂಕಿ ಬರುತ್ತೆ. ಆ ಗಾಡೀನ ನಾನು ಎರಡು ಸಲ ತೊಳೆದಿದೀನಿ.”

ಕಾವಲಿನವರ ಹಿಡಿತ ವೈರ್‌ಮನ್‌ನ ರಟ್ಟೆಯ ಮೇಲೆ ಸಡಿಲಾಯಿತು.

“ಮೊದಲ ಸಲ ಏನು ತೊಳೆದ್ರಿ?” ಸೂಜಿಯ ಧ್ವನಿ ಬಹಳ ಮೆತ್ತಗಿತ್ತು.

“ಧೂಳು.”

“ಎರಡನೇ ಸಲ?”

ಹೆಂಗಸು ತನ್ನ ಬೆಳ್ಳಗಾದ ಅಂಗೈಗಳನ್ನು ಹೊಟ್ಟೆಗೆ ಒತ್ತಿಕೊಂಡಳು.

“ಹಿಂದಿನ ಸೀಟಿಂದ ರಕ್ತ. ಬಹಳ ಇರ್ಲಿಲ್ಲ. ಸಣ್ಣ ಜೀವದ್ದು.”

ಮೇಲಿನ ಸಾಲಿನ ಖಾಲಿ ಮೊಳೆಯನ್ನು ವೈರ್‌ಮನ್ ನೋಡಿದ. ಕಂಕುಳಲ್ಲಿ ಕೂಸು ಹೊತ್ತ ಆ ಹುಡುಗಿ ಅಲ್ಲಿಯೇ ಇದ್ದಳು, ಹತ್ತು ನಿಮಿಷದ ಹಿಂದೆ.

ಮ್ಯಾನೇಜರ್‌ನ ಮುಖದಲ್ಲಿ ಮೊದಲ ಸಲ ಬಣ್ಣ ಬದಲಾಯಿತು. ಧ್ವನಿ ಬದಲಾಗಲಿಲ್ಲ. “ಇವಳಿಗೆ ತಲೆ ಸರಿ ಇಲ್ಲ. ಇವರಿಬ್ಬರನ್ನ ಹೊರಗೆ ಕಳಿಸಿ, ಬಾಗಿಲು ಹಾಕಿ. ನೀನು ಒಳಗೆ ನಡಿ. ನಿನ್ನ ಹತ್ರ ಮಾತಾಡೋದಿದೆ.”

ಹೆಂಗಸು ನಿಂತಲ್ಲೇ ನಿಂತಿದ್ದಳು.

“ಕೇಳಿಸ್ಲಿಲ್ವಾ? ನಾಳೆಯಿಂದ ಕೆಲಸ ಬೇಡ್ವಾ ನಿನಗೆ?”

“ಬೇಕು ಸಾರ್. ಮನೇಲಿ ಮೂರು ಹೊಟ್ಟೆ ಇವೆ.”

“ಮತ್ತೆ? ಒಳಗೆ ನಡಿ ಅಂದೆ.”

ಅವಳು ಬಗ್ಗಿ, ಒಂದರ ನಂತರ ಒಂದು, ರಬ್ಬರ್ ಬೂಟು ಬಿಚ್ಚಿದಳು. ಅವನ್ನು ಜೋಡಿಸಿ ಮ್ಯಾನೇಜರ್‌ನ ಕಾಲ ಮುಂದೆ ಇಟ್ಟಳು. ಆಮೇಲೆ ಹೋಗಿ, ಗಿರಾಕಿಗಳಿಗೆಂದು ಹಾಕಿದ್ದ ಹನ್ನೆರಡು ಕುರ್ಚಿಗಳಲ್ಲಿ ಒಂದರ ಮೇಲೆ, ಒದ್ದೆ ಸೀರೆಯಲ್ಲೇ ಕೂತಳು.

“ಬರಲ್ಲ,” ಎಂದಳು.